ತಲೆಪೆಟ್ಟು: ಚಿಕಿತ್ಸೆ ಮತ್ತು ಚೇತರಿಕೆಯ ಸಂಶೋಧನೆ, ಕರ್ನಾಟಕದಲ್ಲಿ

ಅಪಘಾತ, ಬೀಳುವಿಕೆ ಅಥವಾ ಹೊಡೆತದಿಂದ ಮಿದುಳಿಗೆ ಹಾನಿಯಾದವರ ಚಿಕಿತ್ಸೆಯ ಅಧ್ಯಯನ ಕರ್ನಾಟಕದಲ್ಲಿ ಬಹುಪಾಲು ಬೆಂಗಳೂರಿನ ನಿಮ್ಹಾನ್ಸ್ ಸುತ್ತಲೇ ಬೆಳೆದಿದೆ. ಮೊದಲ ದಶಕಗಳಲ್ಲಿ ಗಮನವೆಲ್ಲ ಜೀವ ಉಳಿಸುವುದರ ಮೇಲಿತ್ತು. ಬದುಕಿ ಮನೆಗೆ ಹೋದವರು ಮುಂದೆ ಹೇಗಿರುತ್ತಾರೆ ಎಂದು ಕೇಳಲು ಶುರುಮಾಡಿದ್ದು ತಡವಾಗಿ.

ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಯಿತು. ನಾಲ್ಕು ವರ್ಷಗಳ ನಂತರ ಡಾ. ಆರ್. ಮಾರ್ತಾಂಡ ವರ್ಮ ಅಲ್ಲಿ ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. ಮೈಸೂರು ಸರ್ಕಾರದ ಹಳೆಯ ಮಾನಸಿಕ ಆಸ್ಪತ್ರೆಯೂ ಈ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದಾಗ ವರ್ಮರೇ ಮೊದಲ ನಿರ್ದೇಶಕರು. ಮನೋವೈದ್ಯರು, ನರಶಸ್ತ್ರಚಿಕಿತ್ಸಕರು, ಮನಶ್ಶಾಸ್ತ್ರಜ್ಞರು ಒಂದೇ ಆವರಣದಲ್ಲಿ ಕೆಲಸ ಮಾಡುವಂತಾದದ್ದು ಮುಂದಿನ ಸಂಶೋಧನೆಯ ದಿಕ್ಕನ್ನೇ ನಿರ್ಧರಿಸಿತು.

ಅದೇ 1974ರಲ್ಲಿ ಗ್ಲಾಸ್ಗೊದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಪ್ರಜ್ಞೆಯ ಮಟ್ಟ ಅಳೆಯುವ ಮಾಪಕವನ್ನು ಪ್ರಕಟಿಸಿದರು. ಅದಕ್ಕೆ ಯಂತ್ರ ಬೇಡ. ಗಾಯಾಳು ಕಣ್ಣು ತೆರೆಯುತ್ತಾರೆಯೇ, ‘ಹೆಸರೇನು? ಇದು ಯಾವ ಊರು? ಈಗ ಯಾವ ತಿಂಗಳು?’ ಎಂದರೆ ಏನು ಹೇಳುತ್ತಾರೆ, ಕೈ ಎತ್ತಿ ಅಂದರೆ ಎತ್ತುತ್ತಾರೆಯೇ ಎಂದು ನೋಡಿ 3ರಿಂದ 15ರೊಳಗೆ ಅಂಕ ಕೊಡುತ್ತಾರೆ. 8 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟು ತೀವ್ರ. ತಾಲ್ಲೂಕು ಆಸ್ಪತ್ರೆಯವರು ಚೀಟಿಯಲ್ಲಿ ಬರೆದ ಅಂಕ 13 ಇದ್ದು, ಮೈಸೂರು ಮುಟ್ಟುವ ಹೊತ್ತಿಗೆ 8 ಆಗಿದ್ದರೆ, ತಲೆಯೊಳಗೆ ರಕ್ತ ಕಟ್ಟಿಕೊಳ್ಳುತ್ತಿರಬಹುದೆಂದು ಸ್ಕ್ಯಾನಿಂಗ್‌ಗೆ ಮುಂಚೆಯೇ ವೈದ್ಯರು ಎಚ್ಚರಗೊಳ್ಳುತ್ತಾರೆ. ಸಿ.ಟಿ. ಸ್ಕ್ಯಾನ್ ಮೊದಲು ಬಳಕೆಗೆ ಬಂದದ್ದು 1971ರಲ್ಲಿ, ಲಂಡನ್ನಿನಲ್ಲಿ. ಅದು ಕೈಗೆಟುಕುವವರೆಗೆ ಇಂಥ ಲಕ್ಷಣಗಳನ್ನೇ ನಂಬಿ ಬುರುಡೆಗೆ ರಂಧ್ರ ಕೊರೆದು ನೋಡುವುದೂ ಇತ್ತು.

ಪೆಟ್ಟು ಯಾರಿಗೆ, ಹೇಗೆ ಬೀಳುತ್ತದೆ ಎಂಬ ಲೆಕ್ಕ ನಿಮ್ಹಾನ್ಸ್‌ನ ಸಾಂಕ್ರಾಮಿಕಶಾಸ್ತ್ರ ವಿಭಾಗದ ಡಾ. ಜಿ. ಗುರುರಾಜ್ ಅವರಿಂದ ಸಿಕ್ಕಿತು. 2002ರಲ್ಲಿ ಪ್ರಕಟವಾದ ಅವರ ವಿಮರ್ಶೆಯ ಪ್ರಕಾರ ಭಾರತದಲ್ಲಿ ಮಿದುಳಿನ ಗಾಯಗಳಲ್ಲಿ ಶೇ 60ರಷ್ಟಕ್ಕೆ ರಸ್ತೆ ಅಪಘಾತ ಕಾರಣ. ಶೇ 20–25ಕ್ಕೆ ಬೀಳುವುದು, ಶೇ 10ಕ್ಕೆ ಹಲ್ಲೆ. ಹೆಲ್ಮೆಟ್ ಕುರಿತ ವಾದಕ್ಕೆ ಇಂಥ ಅಧ್ಯಯನಗಳು ಬಲ ಕೊಟ್ಟವು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬ ನಿಯಮ ರಾಜ್ಯದಲ್ಲಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಪಾಲನೆಯ ಮಾತು ಬೇರೆ.

ಔಷಧಗಳ ಇತಿಹಾಸ ಹೆಚ್ಚಾಗಿ ನಿರಾಸೆಯದು. ಮಿದುಳಿನ ಊತ ಇಳಿಸಲೆಂದು ಎಷ್ಟೋ ವರ್ಷ ಸ್ಟೆರಾಯ್ಡ್ ಕೊಡಲಾಗುತ್ತಿತ್ತು. 10,008 ಗಾಯಾಳುಗಳ ಮೇಲೆ ನಡೆದ ‘ಕ್ರ್ಯಾಶ್’ ಪರೀಕ್ಷೆ, ಸ್ಟೆರಾಯ್ಡ್ ಪಡೆದವರಲ್ಲೇ ಸಾವು ಹೆಚ್ಚೆಂದು 2004ರಲ್ಲಿ ತೋರಿಸಿತು. ಪ್ರೊಜೆಸ್ಟರಾನ್ ಹಾರ್ಮೋನಿನ ಮೇಲಿದ್ದ ಆಸೆಯೂ 2014ರ ಪರೀಕ್ಷೆಗಳಲ್ಲಿ ಮುಗಿಯಿತು. ಊತ ಜಾಸ್ತಿಯಾದಾಗ ಬುರುಡೆಯ ಒಂದು ತುಂಡನ್ನೇ ತೆಗೆದಿಡುವ ಶಸ್ತ್ರಚಿಕಿತ್ಸೆ ಮಾತ್ರ ಉಳಿದುಕೊಂಡಿದೆ. ತೆಗೆದ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದಡಿಯಲ್ಲೇ ಹೊಲಿದಿಟ್ಟು, ತಿಂಗಳುಗಳ ಬಳಿಕ ವಾಪಸ್ ಕೂರಿಸುವ ಕ್ರಮ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಈ ಶಸ್ತ್ರಚಿಕಿತ್ಸೆಯನ್ನು ಪರಿಶೀಲಿಸಿದ, 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷೆ ಇಕ್ಕಟ್ಟಿನ ಉತ್ತರ ಕೊಟ್ಟಿತು: ಆರು ತಿಂಗಳೊಳಗಿನ ಸಾವು ಶೇ 48.9ರಿಂದ 26.9ಕ್ಕೆ ಇಳಿಯಿತು, ಪ್ರಜ್ಞೆಯಿಲ್ಲದೆ ಉಸಿರಾಡುತ್ತ ಮಲಗಿರುವವರ ಪ್ರಮಾಣ ಶೇ 2.1ರಿಂದ 8.5ಕ್ಕೆ ಏರಿತು. ಆಪರೇಷನ್‌ಗೆ ಸಹಿ ಹಾಕುವಾಗ ಮನೆಯವರಿಗೆ ಈ ಎರಡನೆಯ ಅಂಕಿಯನ್ನೂ ಬಿಡಿಸಿ ಹೇಳಬೇಕಾಗುತ್ತದೆ.

ಕರ್ನಾಟಕದ ಸ್ವಂತ ಕೊಡುಗೆ ಎದ್ದು ಕಾಣುವುದು ಇದರ ನಂತರದ ಘಟ್ಟದಲ್ಲಿ. ಗಾಯ ವಾಸಿಯಾದರೂ ಗಮನ ನಿಲ್ಲದಿರುವುದು, ಮರೆವು, ಸಣ್ಣದಕ್ಕೂ ರೇಗುವುದು ಉಳಿಯುತ್ತವೆ. ನೋಡಲು ನೆಟ್ಟಗಿರುವುದರಿಂದ ಊರವರು ‘ಸೋಮಾರಿಯಾಗಿದ್ದಾನೆ’ ಎಂದುಬಿಡುತ್ತಾರೆ. ನಿಮ್ಹಾನ್ಸ್‌ನ ಶೋಭಿನಿ ರಾವ್ ಮತ್ತು ಸೋನಾಲಿ ನಾಗ್ ತಲೆಪೆಟ್ಟಿನವರ ಗಮನಶಕ್ತಿಯ ತರಬೇತಿ ಕುರಿತು 1999ರಲ್ಲಿ ಅಧ್ಯಯನ ಪ್ರಕಟಿಸಿದರು. ನಿಮ್ಹಾನ್ಸ್‌ನ ಇಂಥ ತರಬೇತಿಯಲ್ಲಿ ಕಾಳು ಬೇರ್ಪಡಿಸುವ ಕೆಲಸಕ್ಕೂ ಸ್ಥಾನವಿದೆ: ಬೆರೆಸಿಟ್ಟ ಕಾಳುಗಳನ್ನು ರೋಗಿ ವಿಂಗಡಿಸಬೇಕು, ಹಿಡಿದ ಸಮಯ, ಆದ ತಪ್ಪುಗಳನ್ನು ಬರೆದಿಟ್ಟುಕೊಂಡು ಕೆಲಸವನ್ನು ಹಂತಹಂತವಾಗಿ ಕಠಿಣಗೊಳಿಸುತ್ತಾರೆ. ಓದು ಬಾರದವರೂ ಮಾಡಬಹುದು, ಮನೆಯಲ್ಲೂ ಮಾಡಬಹುದು. ಗಮನ, ನೆನಪಿನಂಥ ಸಾಮರ್ಥ್ಯಗಳನ್ನು ಅಳೆಯುವ, 2004ರಲ್ಲಿ ಹೊರಬಂದ ನಿಮ್ಹಾನ್ಸ್ ಪರೀಕ್ಷಾ ಸರಣಿ ವಯಸ್ಸು, ಲಿಂಗ, ಓದಿನ ಮಟ್ಟಕ್ಕೆ ತಕ್ಕಂತೆ ಬೇರೆಬೇರೆ ಮಾನದಂಡ ಕೊಟ್ಟಿತು. ಶಾಲೆ ಕಾಣದ ರೈತರನ್ನು ಕಾಲೇಜು ಓದಿದವರ ಅಳತೆಗೋಲಿನಲ್ಲಿ ಅಳೆಯುವುದು ಇದರಿಂದ ತಪ್ಪಿತು.

ಮಾತು ಕಳೆದುಕೊಂಡವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ (1965) ಆಸರೆ. ಮಾತಿನ ನಷ್ಟ ಅಳೆಯುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಗೆ ಕನ್ನಡ ರೂಪ ಸಿಕ್ಕಿದ್ದೂ, ಕನ್ನಡದಲ್ಲೇ ಚಿಕಿತ್ಸಾ ಕೈಪಿಡಿ ಸಿದ್ಧವಾದದ್ದೂ ಅಲ್ಲೇ.

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್‌ನಂಥ ಜಾಗದಿಂದ ನೋಡಿದರೆ ಈ ಇತಿಹಾಸಕ್ಕೆ ದೂರವೇ ಮುಖ್ಯ ಸಂಗತಿ. ಮೈಸೂರಿಗೆ ಸುಮಾರು 50 ಕಿ.ಮೀ., ನಿಮ್ಹಾನ್ಸ್‌ಗೆ ಸುಮಾರು 200. ಮೊದಲ ಹಂತಕ್ಕೆ ವ್ಯವಸ್ಥೆಗಳು ಬಂದಿವೆ: 2008ರಿಂದ 108 ಆಂಬುಲೆನ್ಸ್, ಅಪಘಾತದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಭರಿಸಲು 2016ರಲ್ಲಿ ಆರಂಭವಾದ ‘ಮುಖ್ಯಮಂತ್ರಿ ಸಾಂತ್ವನ–ಹರೀಶ್’ ಯೋಜನೆ. ತಿಂಗಳುಗಟ್ಟಲೆ ನಡೆಯಬೇಕಾದ ತರಬೇತಿಗೆ ಮಾತ್ರ ಒಂದು ದಿನದ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸು ಹತ್ತಬೇಕು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ತಲೆನೋವು, ಫಿಟ್ಸ್, ಪಾರ್ಶ್ವವಾಯು, ಮರೆವಿನ ಕಾಯಿಲೆಗಳ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಪ್ರಯತ್ನ. ಪೆಟ್ಟಿನ ನಂತರ ಫಿಟ್ಸ್ ಬರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಕಾನೂನಿನಲ್ಲೂ ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವರ್ಗಗಳಲ್ಲಿ ತಲೆಪೆಟ್ಟು ಪ್ರತ್ಯೇಕವಾಗಿಲ್ಲ. ಕೈಕಾಲು ಬಿದ್ದವರು ಚಲನಾಂಗ ವೈಕಲ್ಯದಡಿ, ಮಾತು ಹೋದವರು ವಾಕ್ ಮತ್ತು ಭಾಷಾ ವೈಕಲ್ಯದಡಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತಾರೆ. ಗಮನ, ನೆನಪು, ಸಿಟ್ಟಿನ ತೊಂದರೆ ಮಾತ್ರ ಇರುವವರು ಯಾವ ವರ್ಗಕ್ಕೆ ಸೇರುತ್ತಾರೆಂದು ಪಟ್ಟಿ ಓದಿದರೆ ನೇರವಾಗಿ ತಿಳಿಯುವುದಿಲ್ಲ.