ಸ್ಟೀರಾಯ್ಡ್ ಸೇವಿಸುವವರಲ್ಲಿ ಪರ್ವತವ್ಯಾಧಿ: ತುರ್ತು ಚಿಕಿತ್ಸೆಯ ಕೆಲವು ಪ್ರಶ್ನೆಗಳು

ಹಿಮಾಲಯದ ಎತ್ತರಕ್ಕೆ ಹೋದ 1,925 ಭಾರತೀಯ ಸೈನಿಕರನ್ನು ಗಮನಿಸಿ ಇಂದರ್ ಸಿಂಗ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಅಧ್ಯಯನವು ಪರ್ವತವ್ಯಾಧಿಯ ತಿಳಿವಳಿಕೆಗೆ ಬುನಾದಿ ಹಾಕಿದ ಕೃತಿಗಳಲ್ಲೊಂದು. ಅವರು ಕಂಡದ್ದು ಸೇನೆಗೆ ಆಯ್ಕೆಯಾದ ಗಟ್ಟಿಮುಟ್ಟಾದ ದೇಹಗಳನ್ನು. ಇಂದು ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ವಿಮಾನದಿಂದ ಇಳಿಯುವವರಲ್ಲಿ ಆಸ್ತಮಾ, ಸಂಧಿವಾತ, ಲೂಪಸ್‌ಗಾಗಿ ದಿನವೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ನುಂಗುವವರೂ ಇರುತ್ತಾರೆ.

ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರ ಅಡ್ರಿನಲ್ ಗ್ರಂಥಿ ಮಂಕಾಗಿರಬಹುದು. ಆಗ ದೇಹ ಸಂಕಟಕ್ಕೆ ಸಿಕ್ಕಾಗ ಬೇಕಾಗುವ ಹೆಚ್ಚುವರಿ ಕಾರ್ಟಿಸಾಲ್ ಅದಕ್ಕೆ ಒದಗಿಸಲಾಗದು. ಎತ್ತರದಲ್ಲಿ ವಾಂತಿ ಶುರುವಾದರೆ ನುಂಗಿದ ಮಾತ್ರೆಯೂ ದಕ್ಕುವುದಿಲ್ಲ. ಅಡ್ರಿನಲ್ ಬಿಕ್ಕಟ್ಟು ತಲೆದೋರಬಹುದು. ವಾಂತಿ, ವಿಪರೀತ ಸುಸ್ತು, ತಲೆಸುತ್ತು, ಗೊಂದಲ: ಪರ್ವತವ್ಯಾಧಿಯ ಲಕ್ಷಣಗಳೂ ಇವೇ. ತೀವ್ರ ತಲೆನೋವು, ನೇರ ಗೆರೆಯಲ್ಲಿ ನಡೆಯಲಾಗದ ತೂರಾಟ ಪರ್ವತವ್ಯಾಧಿಯ ತೀವ್ರ ರೂಪವಾದ ಮಿದುಳಿನ ಬಾವಿನತ್ತ ಬೆರಳು ಮಾಡುತ್ತವೆ. ಕುಸಿದ ರಕ್ತದೊತ್ತಡ, ಇಳಿದ ಸಕ್ಕರೆ ಅಡ್ರಿನಲ್‌ನತ್ತ. ಆದರೆ ಟೆಂಟಿನೊಳಗೆ ಈ ವಿಂಗಡಣೆಗೆ ಕಾಯುವುದು ತಪ್ಪೆಂದೇ ನನ್ನ ನಿಲುವು. ಎರಡೂ ಇವೆಯೆಂದು ಬಗೆದು ಚಿಕಿತ್ಸೆ ಆರಂಭಿಸಬೇಕು.

ಮಿದುಳಿನ ಬಾವಿಗೆ ಡೆಕ್ಸಾಮೆಥಾಸೋನ್ ಮೊದಲು 8 ಮಿ.ಗ್ರಾಂ, ಬಳಿಕ 6 ಗಂಟೆಗೊಮ್ಮೆ 4 ಮಿ.ಗ್ರಾಂ, ವಾಂತಿಯಿದ್ದರೆ ಇಂಜೆಕ್ಷನ್. ಅದರ 0.75 ಮಿ.ಗ್ರಾಂ 5 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮವಾದ್ದರಿಂದ ಈ ಪ್ರಮಾಣ ಕಾರ್ಟಿಸಾಲ್ ಕೊರತೆಯನ್ನೂ ತುಂಬುತ್ತದೆ. ಆದರೆ ಉಪ್ಪನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. ಹೀಗಾಗಿ ಅಡ್ರಿನಲ್ ಗ್ರಂಥಿಯೇ ಕೆಟ್ಟಿರುವ ಅಡಿಸನ್ ಕಾಯಿಲೆಯವರಿಗೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್, ಸಲೈನ್ ಬೇಕೇ ಬೇಕು. ಯಾವ ಔಷಧಿಯೂ ಕೆಳಗಿಳಿಯುವುದಕ್ಕೆ ಬದಲಿಯಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಆಮ್ಲಜನಕ ಮತ್ತು ಇಳಿಯುವಿಕೆಯೇ ಮುಖ್ಯ.

‘ಹೇಗೂ ಸ್ಟೀರಾಯ್ಡ್ ತಗೊಳ್ತಿದ್ದೀನಲ್ಲ’ ಎಂಬ ಧೈರ್ಯ ಅಪಾಯಕಾರಿ. ಪರ್ವತವ್ಯಾಧಿ ತಡೆಗೆ ಕೊಡುವ ಡೆಕ್ಸಾಮೆಥಾಸೋನ್ ದಿನಕ್ಕೆ 8 ಮಿ.ಗ್ರಾಂ, ಅಂದರೆ ಸುಮಾರು 53 ಮಿ.ಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ನಿತ್ಯದ 5 ಮಿ.ಗ್ರಾಂ ಅದರ ಹತ್ತಿರಕ್ಕೂ ಬಾರದು. ತಡೆಗೆ ಕೊಡುವ ಇನ್ನೊಂದು ಔಷಧಿಯಾದ ಅಸೆಟಜೋಲಮೈಡ್ ದೇಹವನ್ನು ಎತ್ತರಕ್ಕೆ ಹೊಂದಿಸುತ್ತದೆ, ಡೆಕ್ಸಾಮೆಥಾಸೋನ್ ಹೊಂದಿಸುವುದಿಲ್ಲ. ಡೆಕ್ಸಾಮೆಥಾಸೋನ್ ನಿಲ್ಲಿಸಿದರೆ ಲಕ್ಷಣ ಮರುಕಳಿಸಬಹುದು. ಸ್ಟೀರಾಯ್ಡ್ ಜೊತೆ ಅಸೆಟಜೋಲಮೈಡ್ ಸೇರಿದರೆ ಪೊಟ್ಯಾಸಿಯಂ ಕುಸಿಯುವ ಸಾಧ್ಯತೆಯನ್ನೂ ನೆನಪಿಡಬೇಕು.

ಲಡಾಖಿಗೆ ಹೊರಡುವ ಇಂಥ ರೋಗಿಗಳು ತುರ್ತು ಪ್ರಮಾಣ ಬರೆದ ವೈದ್ಯರ ಚೀಟಿ, ಸ್ಟೀರಾಯ್ಡ್ ಇಂಜೆಕ್ಷನ್ ಎರಡನ್ನೂ ಬೆನ್ನಚೀಲದಲ್ಲಿಟ್ಟುಕೊಳ್ಳಲಿ. ಇಂಜೆಕ್ಷನ್ ಚುಚ್ಚುವುದು ಹೇಗೆಂದು ಜೊತೆಗಾರರೊಬ್ಬರಾದರೂ ಮೊದಲೇ ಕಲಿತಿರಲಿ.