ಹಂಚಿನ ಮೇಲಿನ 1865: ಬಾಸೆಲ್ ಮಿಷನ್ ಸಭೆಗಳ ಬಗೆಗಿನ ಒಂದು ತಪ್ಪು ಓದು

ಕರಾವಳಿಯ ಪ್ರಾಟೆಸ್ಟೆಂಟ್ ಕ್ರೈಸ್ತರ ಬಗ್ಗೆ ಒಂದು ಮಾತು ಪರಿಶೀಲನೆಯಿಲ್ಲದೆ ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ. ಮಿಷನ್ ಕಾರ್ಖಾನೆ ತೆರೆಯಿತು, ಕೆಲಸದ ಆಸೆಗೆ ಬಡವರು ಮತ ಬದಲಿಸಿದರು ಎಂಬುದು ಆ ಮಾತು. ಇದಕ್ಕೆ ಆಧಾರವಾಗಿ ತೋರಿಸುವುದು ಮಂಗಳೂರು ಹಂಚನ್ನು. ಹಳೆಯ ಕ್ರೈಸ್ತ ಮನೆಗಳ ಮಾಡಿನಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865' ಎಂಬ ಅಚ್ಚಿರುವ ಹಂಚು ಸಿಗುತ್ತದೆ. ಆದ್ದರಿಂದ ಮನೆ 1865ರದು, ಮನೆಯವರ ದೀಕ್ಷಾಸ್ನಾನವೂ ಅದೇ ಕಾಲದ್ದು, ಹಂಚು ಮತ್ತು ಮತ ಒಟ್ಟಿಗೆ ಬಂದವು ಎಂದು ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪಿದೆ.

ಮುಲ್ಕಿಯ ಹತ್ತಿರ ಕೆಡವುತ್ತಿದ್ದ ಒಂದು ಮನೆಯಿಂದ ಇಳಿಸಿದ ಹಂಚೊಂದು ನನ್ನ ಮೇಜಿನ ಮೇಲಿದೆ. ಮೇಲ್ಮೈ ಕಪ್ಪಾಗಿ ಪಾಚಿ ಹಿಡಿದಿದೆ, ಅಡಿಭಾಗ ಇನ್ನೂ ಹೊಸದರಂತೆ ಕೆಂಪಗಿದೆ. ರೀಪಿಗೆ ಸಿಕ್ಕಿಸುವ ಗೂಟ ಒಂದು ಕಡೆ ಸವೆದಿದೆ. ಅಕ್ಷರಗಳ ಅಂಚು ಮೊಂಡಾಗಿದ್ದರೂ ವರ್ಷವನ್ನು ಬೆರಳಿನಿಂದ ಸವರಿಯೇ ಓದಬಹುದು. ಆದರೆ ಇದು ಹಂಚು ಸುಟ್ಟ ವರ್ಷವಲ್ಲ. ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, ಕಾರ್ಖಾನೆ ಶುರು ಮಾಡಿದ ವರ್ಷ. ಅಂಗಡಿಯ ಹಲಗೆಯ ಮೇಲೆ ಸ್ಥಾಪನೆಯ ವರ್ಷ ಬರೆಸಿದಂತೆ ಅದು ಅಚ್ಚಿನಲ್ಲಿ ಉಳಿದುಕೊಂಡಿತು. 1865 ಎಂದಿರುವ ಹಂಚುಗಳನ್ನೆಲ್ಲ ಆ ಒಂದೇ ವರ್ಷದಲ್ಲಿ ಸುಡುವುದು ಆಗಷ್ಟೇ ಗೂಡು ಕಟ್ಟಿದ ಕಾರ್ಖಾನೆಗೆ ಆಗುವ ಕೆಲಸವಲ್ಲ. (ಖಾಕಿ ಬಣ್ಣ ಮಂಗಳೂರಿನಲ್ಲೇ ಹುಟ್ಟಿತೆಂಬ ಊರಭಿಮಾನದ ಮಾತೂ ಇಂಥದೇ. ಆ ಬಣ್ಣದ ಜನಕರೆನ್ನಲಾಗುವ, ಮಿಷನ್ನಿನ ನೇಯ್ಗೆ ಪರಿಣತ ಜಾನ್ ಹಾಲರ್ 1851ರಲ್ಲಿ ಇಲ್ಲಿಗೆ ಬರುವ ಮೊದಲೇ ಪೇಶಾವರದ ಗೈಡ್ಸ್ ದಳ ಖಾಕಿ ತೊಟ್ಟಿತ್ತು. ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಶ್ರಮವನ್ನು ಅಲ್ಲಿಯೂ ಯಾರೂ ತೆಗೆದುಕೊಂಡಿಲ್ಲ.)

ಇನ್ನು ಸಭೆಗಳ, ಅಂದರೆ ಊರೂರಿನ ಕ್ರೈಸ್ತ ಸಮುದಾಯಗಳ, ವಿಚಾರ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮುಲ್ಕಿಯಲ್ಲಿ ಕೇಂದ್ರ ತೆರೆದದ್ದು 1845ರಲ್ಲಿ, ಉಡುಪಿಯಲ್ಲಿ 1854ರಲ್ಲಿ. ಹಾಲರ್ ಮಂಗಳೂರಿನಲ್ಲಿ ನೇಯ್ಗೆ ನೆಲೆಗೊಳಿಸಿದ್ದೇ 1851ರ ಮೇಲೆ. ಮಂಗಳೂರು, ಮುಲ್ಕಿಗಳಲ್ಲಿ ಮಗ್ಗಕ್ಕೂ ಗೂಡಿಗೂ ಮೊದಲೇ, ಉಡುಪಿಯಲ್ಲಿ ಗೂಡಿಗೆ ಮೊದಲೇ ಸಭೆಗಳಿದ್ದವು. ಕಾರ್ಖಾನೆ ಸಭೆಯನ್ನು ಹುಟ್ಟಿಸಿತು ಎನ್ನುವವರು ಮಗನಿಂದ ತಂದೆಯನ್ನು ಹುಟ್ಟಿಸುತ್ತಿದ್ದಾರೆ.

ಹಾಗಾದರೆ ಕಾರ್ಖಾನೆ ಏಕೆ ಬಂತು? ಇಲ್ಲಿ ನಿಧಾನವಾಗಿ ನೋಡಬೇಕು. ದಕ್ಷಿಣ ಕನ್ನಡದಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಅವರಲ್ಲಿ ಬಹುಮಂದಿಯ ಹೊಟ್ಟೆಪಾಡು ಮೂರ್ತೆದಾರಿಕೆ ಮತ್ತು ಗೇಣಿ ಸಾಗುವಳಿ. ಕಳ್ಳು ಇಳಿಸುವುದನ್ನೂ ಮಾರುವುದನ್ನೂ ಮಿಷನ್ ತನ್ನ ಸದಸ್ಯರಿಗೆ ನಿಷೇಧಿಸಿತ್ತು. ದೀಕ್ಷಾಸ್ನಾನವಾದ ದಿನದಿಂದ ಮರ ಹತ್ತುವಂತಿಲ್ಲ. ಭೂಮಿಯ ಕಥೆ ಇದಕ್ಕಿಂತ ಕಷ್ಟದ್ದು. ಮೂಲಗೇಣಿಯವನಿಗೆ ನೆಲದ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿಯವನನ್ನು ಧಣಿ ಬೇಡವೆಂದಾಗ ಎಬ್ಬಿಸಬಹುದಾಗಿತ್ತು. ಮಾಡು ಕಟ್ಟಿದ ನೆಲವೂ ಧಣಿಯದೇ. ಭೂತದ ಕೋಲಕ್ಕೆ ಪಾಲು ಕೊಡದ, ಜಾತಿಯವರು ಹೊರಗಿಟ್ಟ ಒಕ್ಕಲನ್ನು ಉಳಿಸಿಕೊಳ್ಳುವ ಧಣಿಗಳು ಎಷ್ಟು ಜನ ಇದ್ದಾರು?

ಮತಾಂತರವಾದವರ ಆಸ್ತಿಹಕ್ಕನ್ನು 1850ರ 21ನೇ ಕಾಯಿದೆ ರಕ್ಷಿಸಿತಲ್ಲ ಎಂದು ಎದುರುವಾದ ಹೂಡುವವರಿದ್ದಾರೆ. ಅವರು ಕಾಯಿದೆಯ ಶೀರ್ಷಿಕೆ ಓದಿದ್ದಾರೆ, ತುಳುನಾಡಿನ ಕಟ್ಟಳೆ ಓದಿಲ್ಲ. ಬಿಲ್ಲವರು ಅಳಿಯಸಂತಾನದವರು. ಆ ಕಟ್ಟಿನಲ್ಲಿ ಆಸ್ತಿ ತಾಯಿಯ ಕುಟುಂಬದ್ದು, ಒಬ್ಬ ಸದಸ್ಯ ಎದ್ದು ನಿಂತು ತನ್ನ ಪಾಲು ಬಿಡಿಸಿಕೊಡಿ ಎಂದು ಕೇಳುವಂತಿರಲಿಲ್ಲ. ಹಾಗೆ ಕೇಳುವ ಅವಕಾಶವನ್ನು ಶಾಸನ ಕೊಟ್ಟದ್ದು 1949ರಲ್ಲಿ. ಮನೆಯೊಳಗಿದ್ದವನಿಗೇ ಇಲ್ಲದ ಪಾಲನ್ನು ಹೊರಗಾದವನಿಗೆ 1850ರ ಕಾಯಿದೆ ಎಲ್ಲಿಂದ ತಂದುಕೊಟ್ಟೀತು? 1844ರಲ್ಲಿ ದೀಕ್ಷಾಸ್ನಾನ ಪಡೆದ ಆನಂದರಾವ್ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಮರಳಿದರು. ಅವರ ಕಥೆಯನ್ನು ಎಲ್ಲರೂ ಬರೆದಿದ್ದಾರೆ. ಮರ, ಗದ್ದೆ, ಮನೆ ಮೂರನ್ನೂ ಒಮ್ಮೆಗೇ ಕಳೆದುಕೊಂಡ ಚಾಲಗೇಣಿ ಒಕ್ಕಲಿನ ಕಥೆಯನ್ನು ಯಾರೂ ಬರೆದಿಲ್ಲ.

ಕಾರ್ಖಾನೆ ಈ ನಷ್ಟಕ್ಕೆ ಹುಡುಕಿದ ಪರಿಹಾರ. ಹಂಚಿಗೆ ಬರುವ ಮುಂಚೆ ಮಿಷನ್ ಕೃಷಿ, ಗಡಿಯಾರದ ಕೆಲಸ ಮೊದಲಾದವನ್ನು ಪ್ರಯತ್ನಿಸಿ ಸೋತಿತ್ತು. ಆಮಿಷ ಒಡ್ಡಲೆಂದೇ ಹೊರಟವರು ಇಷ್ಟು ವರ್ಷ ಹೀಗೆ ತಡವರಿಸುತ್ತಿರಲಿಲ್ಲ. ಹಾಗೆಂದು ಮಿಷನ್ನನ್ನು ಪೂರ್ತಿ ನಿರ್ದೋಷಿ ಎನ್ನುವ ಸಭಾಭಕ್ತರ ಪಕ್ಷವೂ ನನ್ನದಲ್ಲ. 1859ರಲ್ಲಿ ವ್ಯಾಪಾರಕ್ಕೆಂದೇ ಬಾಸೆಲ್‌ನಲ್ಲಿ ಪ್ರತ್ಯೇಕ ಕಂಪನಿ ಹುಟ್ಟಿತು, ಲಾಭದ ಲೆಕ್ಕವೂ ಹುಟ್ಟಿತು. ಪ್ರಾರ್ಥನೆಗೆ ಕರೆಯುವವರೂ ಕೂಲಿ ಕೊಡುವವರೂ ಒಂದೇ ಮಿಷನ್ನಿನವರಾದಾಗ ಕೆಲಸಗಾರನಿಗೆ ಎದುರುಮಾತು ಸುಲಭವಾಗಿರಲಿಲ್ಲ. ಇದನ್ನು ಬಚ್ಚಿಟ್ಟು ಬರೆದ ಇತಿಹಾಸ ನಂಬಿಕೆಗೆ ಮಾಡುವ ಸೇವೆಯಲ್ಲ.

ಅಲ್ಲಿಂದ ರಾಜಕೀಯ ಒಳಗೆ ಬರುತ್ತದೆ. ಮಿಷನ್ನಿನ ಮೂಲ ಸ್ವಿಟ್ಸರ್ಲೆಂಡಿನದಾದರೂ ಬಂದವರಲ್ಲಿ ವ್ಯುರ್ಟೆಂಬೆರ್ಗಿನ ಜರ್ಮನರು ಬಹಳ. ಹಳೆಯ ವಾರ್ಷಿಕ ವರದಿಗಳ ಮುಖಪುಟದಲ್ಲೇ 'ಬಾಸೆಲ್ ಜರ್ಮನ್ ಇವ್ಯಾಂಜೆಲಿಕಲ್' ಎಂಬ ಹೆಸರಿದೆ. 1914ರಲ್ಲಿ ಯುದ್ಧ ಶುರುವಾದಾಗ ಆ ಹೆಸರೇ ಮುಳುವಾಯಿತು. ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಕೂಲಿಗಾಗಿ ಬಂದವರಾಗಿದ್ದರೆ ಆಗ ಸಭೆ ಕರಗಬೇಕಿತ್ತಲ್ಲ ಎಂಬ ವಾದವನ್ನು ನಮ್ಮವರೇ ಉತ್ಸಾಹದಿಂದ ಮಾಡುತ್ತಾರೆ. ನಾನು ಅದನ್ನು ಒಪ್ಪಲಾರೆ. ಹೊಸ ಒಡೆಯರ ಕೈಯಲ್ಲೂ ಗೂಡುಗಳು ಉರಿಯುತ್ತಲೇ ಇದ್ದವು. ಕೆಲಸ ಉಳಿದಿತ್ತು, ಆದ್ದರಿಂದ ಅದರಿಂದ ಏನೂ ಸಾಬೀತಾಗುವುದಿಲ್ಲ. ನನ್ನ ವಾದ ನಿಂತಿರುವುದು ಮುಲ್ಕಿಯ 1845ರ ಮೇಲೆ, ಚಾಲಗೇಣಿಯ ಮೇಲೆ, ಅಳಿಯಕಟ್ಟಿನ ಮೇಲೆ.

ಹಂಚಿನ ಮನೆಗಳು ವರ್ಷಕ್ಕೆ ವರ್ಷ ಇಳಿಯುತ್ತಿವೆ. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಷನ್ನಿನ ಹಳೆಯ ಕಾಗದಪತ್ರಗಳಿವೆ. ಹಂಚು ನೋಡಿ ಮನೆತನದ ಇತಿಹಾಸ ಬರೆಯಲು ಹೊರಟವರು ಮೊದಲು ಅಲ್ಲಿಗೆ ಹೋಗಬೇಕು. ಊರಿನ ಸಭೆಗಳ ಕಪಾಟಿನಲ್ಲಿ ಗೆದ್ದಲಿಗೆ ಬಿಟ್ಟ ದೀಕ್ಷಾಸ್ನಾನದ ಪುಸ್ತಕಗಳಿದ್ದರೆ ದಯವಿಟ್ಟು ಈ ಮಳೆಗಾಲಕ್ಕೆ ಮುಂಚೆ ಅವುಗಳನ್ನು ತೆಗೆದು ಒಣಗಿಸಿಡಿ.