ಚಿತ್ರಮಂದಿರದ ಪೈಪ್ ಆರ್ಗನ್: ಅಳಿದುದೂ ಉಳಿದುದೂ

ಆರ್ಗನ್ ಎಂದೊಡನೆ ನಮ್ಮ ಜನರ ಮನಸ್ಸಿನಲ್ಲಿ ಮೂಡುವುದು ದೇವಾಲಯದ ಚಿತ್ರ. ನಮ್ಮ ಧರ್ಮಕೇಂದ್ರಗಳಲ್ಲಿ ಬಹುಪಾಲು ಕಡೆ ಈ ಸ್ಥಾನವನ್ನು ತುಂಬಿಕೊಂಡು ಬಂದಿರುವುದು ಹಾರ್ಮೋನಿಯಂ. ಅದರ ಧ್ವನಿ ಹೊರಡುವುದು ಲೋಹದ ನಾಲಗೆಗಳಿಂದ. ಸಾವಿರಾರು ಕೊಳವೆಗಳಲ್ಲಿ ಗಾಳಿಯನ್ನು ಹಾಯಿಸಿ ನುಡಿಸುವ ಪೈಪ್ ಆರ್ಗನ್ನನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ವಿರಳ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ ಈ ವಾದ್ಯಕ್ಕೆ ವಿಶೇಷ ಗೌರವ ಸಲ್ಲಿಸಿರುವುದನ್ನು ನಾವೆಲ್ಲರೂ ಬಲ್ಲೆವು. ಆದರೆ ಇದೇ ವಾದ್ಯಕ್ಕೆ ದೇವಾಲಯದ ಹೊರಗೂ ಒಂದು ಬಾಳು ಇದ್ದಿತು. ಆ ಬಾಳಿನ ವೈಭವ ಇಪ್ಪತ್ತು ವರ್ಷ ಮಾತ್ರ ನಡೆದು, ಹಠಾತ್ತನೆ ಕೊನೆಗೊಂಡಿತು. ಅನಂತರ ಅದರ ಅಳಿದುಳಿದ ಭಾಗಗಳನ್ನು ಕಾಪಾಡಲು ಕೆಲವರು ತಮ್ಮ ಆಯುಷ್ಯವನ್ನೇ ಸವೆಸಿದರು. ಆ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಬಯಸುತ್ತೇವೆ.

ನಿಜವನ್ನು ಹೇಳುವುದಾದರೆ ಆರ್ಗನ್ನಿನ ಹುಟ್ಟು ದೇವಾಲಯದಲ್ಲಿ ಆದುದಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಯಂತ್ರಜ್ಞನು ನೀರಿನ ಒತ್ತಡದಿಂದ ಗಾಳಿಯನ್ನು ಸಮಗೊಳಿಸಿ ಕೊಳವೆಗಳನ್ನು ನುಡಿಸುವ ಉಪಾಯವನ್ನು ಕಂಡುಹಿಡಿದನು. ಈ ಜಲವಾದ್ಯವು ರೋಮನ್ನರ ಕ್ರೀಡಾಂಗಣಗಳಲ್ಲಿ ಮಲ್ಲರ ಕಾಳಗದ ನಡುವೆ ಮೊಳಗುತ್ತಿದ್ದುದು ಆ ಕಾಲದ ನೆಲಚಿತ್ರಗಳಿಂದ ತಿಳಿದುಬರುತ್ತದೆ. 757ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯು ಫ್ರಾಂಕರ ಅರಸ ಪೆಪಿನ್‌ನಿಗೆ ಆರ್ಗನ್ನೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಪಶ್ಚಿಮ ಯೂರೋಪಿನಲ್ಲಿ ಅದು ದೇವಾಲಯದ ವಾದ್ಯವಾಗಿ ನೆಲೆಗೊಂಡದ್ದು ಅದಕ್ಕೂ ಈಚೆಗೆ. ಹೀಗೆ ಕ್ರೀಡಾಂಗಣದಿಂದ ಗರ್ಭಗುಡಿಯ ಬಳಿಗೆ ಬಂದ ವಾದ್ಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮತ್ತೆ ವಿನೋದದ ಮಂದಿರವನ್ನು ಹೊಕ್ಕಿತು.

ಅದಕ್ಕೆ ಕಾರಣ ಮೂಕಚಿತ್ರ. ಮೌನವಾಗಿ ಓಡುವ ಚಿತ್ರವನ್ನು ಜನರು ಸುಮ್ಮನೆ ಕುಳಿತು ನೋಡಲಾರರು. ನಮ್ಮ ದೇಶದಲ್ಲಿ ತೆರೆಯ ಪಕ್ಕದಲ್ಲಿ ಹಾರ್ಮೋನಿಯಂ ಮತ್ತು ತಬಲದವರನ್ನು ಕೂರಿಸಿ ಈ ಕೊರತೆಯನ್ನು ನೀಗಿಸಲಾಯಿತು. ಅಮೆರಿಕಾದಲ್ಲಾದರೋ ಅರಮನೆಗಳನ್ನೂ ನಾಚಿಸುವ ಚಿತ್ರಮಂದಿರಗಳು ಎದ್ದವು. ಮೂರು ನಾಲ್ಕು ಸಾವಿರ ಆಸನಗಳಿದ್ದ ಮಂದಿರಗಳೂ ಅಲ್ಲಿದ್ದವು. ಅಂತಹ ವಿಶಾಲವಾದ ಸಭಾಂಗಣವನ್ನು ನಾದದಿಂದ ತುಂಬಲು ದೊಡ್ಡ ವಾದ್ಯವೃಂದವೇ ಬೇಕು. ವೃಂದದ ಸಂಬಳವೂ ದೊಡ್ಡದು. ಒಬ್ಬನೇ ವಾದಕನು ಇಡೀ ವೃಂದದ ಕೆಲಸವನ್ನು ಮಾಡುವಂತಾದರೆ? ಮಾಲೀಕರ ಈ ಲೆಕ್ಕಾಚಾರಕ್ಕೆ ಉತ್ತರ ಕೊಟ್ಟವನು ರಾಬರ್ಟ್ ಹೋಪ್-ಜೋನ್ಸ್.

1859ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತ್ಯದಲ್ಲಿ ಜನಿಸಿದ ಈತನು ವೃತ್ತಿಯಿಂದ ಟೆಲಿಫೋನ್ ಕಂಪನಿಯ ವಿದ್ಯುತ್ ತಜ್ಞ. ಬಿಡುವಿನ ವೇಳೆಯಲ್ಲಿ ಬರ್ಕನ್‌ಹೆಡ್ ಊರಿನ ಸಂತ ಜಾನರ ಚರ್ಚಿನಲ್ಲಿ ಆರ್ಗನ್ ವಾದಕ. ಅಲ್ಲಿಯವರೆಗೆ ಮನೆಯನ್ನು ಒತ್ತಿದ ಬೆರಳಿನ ಬಲವು ಕಡ್ಡಿ, ಸನ್ನೆಕೋಲುಗಳ ಮೂಲಕ ಕೊಳವೆಯ ಬಾಗಿಲನ್ನು ತೆರೆಯುವುದು ರೂಢಿಯಾಗಿತ್ತು. ಹೋಪ್-ಜೋನ್ಸ್ ಟೆಲಿಫೋನಿನ ವಿದ್ಯೆಯನ್ನು ಆರ್ಗನ್ನಿಗೆ ಅಳವಡಿಸಿದನು. ಮನೆಯನ್ನು ಒತ್ತಿದರೆ ತಂತಿಯಲ್ಲಿ ವಿದ್ಯುತ್ ಹರಿದು, ದೂರದಲ್ಲಿರುವ ಪುಟ್ಟ ಅಯಸ್ಕಾಂತವೊಂದು ಗಾಳಿಯ ದ್ವಾರವನ್ನು ತೆರೆಯುತ್ತಿತ್ತು. ವಾದಕನು ಕುಳಿತುಕೊಳ್ಳುವ ಪೀಠಕ್ಕೂ ಕೊಳವೆಗಳಿಗೂ ತಂತಿಯ ಹೊರತು ಬೇರೆ ನಂಟು ಉಳಿಯಲಿಲ್ಲ. ಆ ಪೀಠವನ್ನು ಚರ್ಚಿನ ಹೊರಗಣ ಅಂಗಳಕ್ಕೆ ಸಾಗಿಸಿ ಅಲ್ಲಿಂದಲೇ ನುಡಿಸಿ ತೋರಿಸಿದನೆಂದರೆ ಅಂದಿನವರ ಬೆರಗನ್ನು ಊಹಿಸಿಕೊಳ್ಳಬಹುದು. ಆದರೆ ವ್ಯವಹಾರದಲ್ಲಿ ಆತನು ಎಂದೂ ಗೆಲ್ಲಲಿಲ್ಲ. 1903ರಲ್ಲಿ ಅಮೆರಿಕಾಕ್ಕೆ ಹೋದನು. ಅಲ್ಲಿ ಸ್ಥಾಪಿಸಿದ ಕಾರ್ಖಾನೆಯೂ ನಷ್ಟಕ್ಕೆ ಸಿಲುಕಿ 1910ರಲ್ಲಿ ವುರ್ಲಿಟ್ಸರ್ ಕಂಪನಿಯ ಪಾಲಾಯಿತು. ತನ್ನ ವಾದ್ಯಕ್ಕೆ ಬರಲಿದ್ದ ಕೀರ್ತಿಯನ್ನು ಕಾಣುವ ಮೊದಲೇ, 1914ರಲ್ಲಿ, ತನ್ನ 55ನೆಯ ವಯಸ್ಸಿನಲ್ಲಿ ಆತನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ವುರ್ಲಿಟ್ಸರ್ ಕಂಪನಿಯಾದರೋ ನ್ಯೂಯಾರ್ಕ್ ರಾಜ್ಯದ ನಾರ್ತ್ ಟೋನವಾಂಡಾದ ತನ್ನ ಕಾರ್ಖಾನೆಯಿಂದ ಮುಂದೆ 2,200ಕ್ಕೂ ಹೆಚ್ಚು ಆರ್ಗನ್ನುಗಳನ್ನು ಹೊರತಂದಿತು.

ಈ ವಾದ್ಯದ ಅಂಗಾಂಗಗಳನ್ನು ಸ್ವಲ್ಪ ವಿವರಿಸಬೇಕು. ಇಲ್ಲವಾದರೆ ಅದನ್ನು ಕಾಪಾಡುವುದು ಎಷ್ಟು ಕಷ್ಟವೆಂಬುದು ಅರ್ಥವಾಗದು. ಪ್ರೇಕ್ಷಕರಿಗೆ ಕಾಣುತ್ತಿದ್ದುದು ಕುದುರೆಲಾಳದ ಆಕಾರದ, ಬಣ್ಣಬಣ್ಣದ ಗುಂಡಿಗಳ ವಾದನಪೀಠ ಮಾತ್ರ. ಅನೇಕ ಕಡೆ ಅದು ನೆಲದಡಿಯಿಂದ ಲಿಫ್ಟಿನ ಮೇಲೆ ನಿಧಾನವಾಗಿ ಏರಿ ಬರುತ್ತಿತ್ತು. ಕೊಳವೆಗಳು ವೇದಿಕೆಯ ಎಡಬಲಗಳ ಗೋಡೆಯ ಹಿಂದೆ, ಅಲಂಕಾರದ ಜಾಲರಿಗಳ ಮರೆಯಲ್ಲಿ, ಕೋಣೆಗಳಲ್ಲಿ ಅಡಗಿರುತ್ತಿದ್ದವು. ಆ ಕೋಣೆಗಳ ಮುಂದಿನ ದಪ್ಪ ಹಲಗೆಗಳು ಕಿಟಕಿಯ ಬಾಗಿಲುಗಳಂತೆ ತೆರೆದು ಮುಚ್ಚಿದಾಗ ನಾದವು ಏರಿಳಿಯುತ್ತಿತ್ತು. ನೆಲಮಾಳಿಗೆಯಲ್ಲಿ ವಿದ್ಯುತ್ ಬೀಸಣಿಗೆ. ಚರ್ಚಿನ ಆರ್ಗನ್ನಿನ ಗಾಳಿಯು ನೀರಿನ ಕಂಬವನ್ನು ಸಾಮಾನ್ಯವಾಗಿ 3 ಅಥವಾ 4 ಅಂಗುಲ ಎತ್ತುವಷ್ಟು ಒತ್ತಡದ್ದಾದರೆ, ಚಿತ್ರಮಂದಿರದಲ್ಲಿ 10 ಅಂಗುಲ, ಕೆಲವೆಡೆ ಅದಕ್ಕೂ ಮಿಗಿಲು. ಒಂದು ಸಾಲಿನ 61 ಕೊಳವೆಗಳಿಗೆ ಮೇಲೆ 12, ಕೆಳಗೆ 12 ಸೇರಿಸಿ, ಆ 85 ಕೊಳವೆಗಳನ್ನೇ ಬೇರೆ ಬೇರೆ ಸ್ಥಾಯಿಗಳಲ್ಲಿ ಬೇರೆ ಬೇರೆ ಕೀಲಿಮಣೆಗಳಿಂದ ನುಡಿಸುವ ಏರ್ಪಾಡಿನಿಂದ ಕಡಮೆ ಕೊಳವೆಗಳಲ್ಲಿ ಹೆಚ್ಚು ನಾದವನ್ನು ಪಡೆಯುತ್ತಿದ್ದರು. ಗಾಳಿಯನ್ನೇ ಅಲುಗಿಸಿ ಸ್ವರಕ್ಕೆ ಕಂಪನ ಕೊಡುವ ಯಂತ್ರವೂ ಇತ್ತು. ನಮ್ಮ ಸಂಗೀತದ ಕಂಪಿತ ಗಮಕವನ್ನು ಬಲ್ಲವರಿಗೆ ಆ ಸೊಗಸು ಥಟ್ಟನೆ ಹಿಡಿಸೀತು. ಇವೆಲ್ಲದರ ಜೊತೆಗೆ ಡೋಲು, ತಾಳ, ಗಂಟೆ, ಪಿಯಾನೋ, ಹಕ್ಕಿಯ ಚಿಲಿಪಿಲಿ, ರೈಲಿನ ಸೀಟಿ, ಕುದುರೆಯ ಗೊರಸಿನ ಸದ್ದು!

ಇಲ್ಲೊಂದು ಕೌತುಕವನ್ನು ಹೇಳದೆ ಮುಂದುವರಿಯಲಾರೆವು. 1903ರಲ್ಲಿ ಜಗದ್ಗುರು ಹತ್ತನೆಯ ಪಿಯುಸರು ಪವಿತ್ರ ಸಂಗೀತವನ್ನು ಕುರಿತ ಆಜ್ಞಾಪತ್ರದಲ್ಲಿ ಪಿಯಾನೋ, ಡೋಲು, ತಾಳ, ಗಂಟೆ ಮುಂತಾದವು ದೇವಾಲಯದೊಳಗೆ ಸಲ್ಲವೆಂದು ವಿಧಿಸಿದ್ದರು. ಅದೇ ವರ್ಷ ಅಮೆರಿಕಾಕ್ಕೆ ಹೊರಟ ಹೋಪ್-ಜೋನ್ಸನ ವಾದ್ಯಸಂಪ್ರದಾಯದಲ್ಲಿ ಮುಂದೆ ಆ ಪಟ್ಟಿಯ ಒಂದೊಂದು ವಾದ್ಯವೂ ಆರ್ಗನ್ನಿನ ಒಡಲನ್ನೇ ಸೇರಿತು. ಉದ್ದೇಶಪೂರ್ವಕವಾಗಿ ಆದುದಲ್ಲ, ನಿಜ. ಆದರೂ ಒಂದೇ ವಾದ್ಯದ ಎರಡು ಕವಲುಗಳು ಎಷ್ಟು ದೂರ ಸಾಗಿದವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1926ರ ನವೆಂಬರಿನಲ್ಲಿ ನ್ಯೂಯಾರ್ಕಿನ ಪ್ಯಾರಮೌಂಟ್ ಮಂದಿರದಲ್ಲಿ 36 ಸಾಲುಗಳ ವುರ್ಲಿಟ್ಸರ್ ಮೊಳಗಿತು. ಜೆಸ್ಸಿ ಕ್ರಾಫರ್ಡ್ ಅದನ್ನು ನುಡಿಸಿ ಮನೆಮಾತಾದನು. ಮರುವರ್ಷ, 1927ರ ಅಕ್ಟೋಬರಿನಲ್ಲಿ, 'ದಿ ಜಾಸ್ ಸಿಂಗರ್' ಚಿತ್ರವು ಮಾತನಾಡಿತು. ವೈಭವದ ನೆತ್ತಿಗೂ ಪತನದ ಅಂಚಿಗೂ ನಡುವೆ ಇದ್ದುದು ಹನ್ನೊಂದೇ ತಿಂಗಳು. ವಾಕ್ಚಿತ್ರಕ್ಕೆ ಆರ್ಗನ್ನಿನ ಅಗತ್ಯವಿರಲಿಲ್ಲ; ಹಿಂದೆಯೇ ಬಂದ ಆರ್ಥಿಕ ಮುಗ್ಗಟ್ಟು ಉಳಿದುದನ್ನು ಮುಗಿಸಿತು. ಸಾವಿರಾರು ವಾದಕರು ಕೆಲಸ ಕಳೆದುಕೊಂಡರು. 1934ರಲ್ಲಿ 'ಸತಿ ಸುಲೋಚನ' ತೆರೆಗೆ ಬಂದು ಕನ್ನಡ ಚಿತ್ರವೂ ಮಾತು ಕಲಿಯಿತು. ತೆರೆಯ ಬದಿಯ ವಾದ್ಯಗಾರರ ಕಾಲ ನಮ್ಮಲ್ಲಿಯೂ ಮುಗಿಯಿತು. ಇಂಗ್ಲೆಂಡಿನಲ್ಲಿ ಮಾತ್ರ ಚಿತ್ರಗಳ ನಡುವಣ ಬಿಡುವಿನಲ್ಲಿ ಆರ್ಗನ್ ನುಡಿಸುವ ಪದ್ಧತಿ ಇನ್ನೂ ಕೆಲವು ಕಾಲ ಬಾಳಿತು. ಬ್ಲ್ಯಾಕ್‌ಪೂಲ್ ಟವರಿನ ನೃತ್ಯಾಂಗಣದಲ್ಲಂತೂ ರೆಜಿನಾಲ್ಡ್ ಡಿಕ್ಸನ್ 1930ರಿಂದ 1970ರವರೆಗೆ ನುಡಿಸಿದನು.

ನುಡಿಸದೆ ಬಿಟ್ಟ ಆರ್ಗನ್ ಬಹಳ ಬೇಗ ಹಾಳಾಗುತ್ತದೆ. ಅದರೊಳಗೆ ತೆಳುವಾದ ಚರ್ಮದಿಂದ ಮಾಡಿದ ಸಾವಿರಾರು ಪುಟ್ಟ ತಿದಿಗಳಿರುತ್ತವೆ. ಕೆಲವು ದಶಕಗಳಲ್ಲಿ ಚರ್ಮ ಒಣಗಿ ಬಿರಿಯುತ್ತದೆ. ಸೂರು ಸೋರಿದರೆ ಗಾಳಿಪೆಟ್ಟಿಗೆಯ ಮರ ಉಬ್ಬಿ ಅಂಟು ಬಿಡುತ್ತದೆ. ಹತ್ತಿಯ ಹೊದಿಕೆಯ ತಂತಿಗಳನ್ನು ಇಲಿಗಳು ಕಡಿಯುತ್ತವೆ. ಒಂದು ದ್ವಾರಕ್ಕೆ ಚೂರು ಕಸ ಸಿಕ್ಕಿಕೊಂಡರೂ ಸಾಕು, ಬೆರಳೆತ್ತಿದರೂ ಒಂದೇ ಸ್ವರ ನಿಲ್ಲದೆ ಕೂಗತೊಡಗುತ್ತದೆ. ಮೆದುವಾದ ಸೀಸ-ತವರದ ಕೊಳವೆಗಳು ಕಳ್ಳರ ಮತ್ತು ಪುಂಡರ ಕೈಗೆ ಸಿಕ್ಕಿದರೆ ಕೇಳುವುದೇ ಬೇಡ. ಮಾಲೀಕರಿಗೆ ಇದೆಲ್ಲ ಬರಿಯ ಜಾಗ ತಿನ್ನುವ ಹೊರೆಯಾಗಿ ಕಂಡಿತು. 1960ರಲ್ಲಿ ನ್ಯೂಯಾರ್ಕಿನ ರಾಕ್ಸಿ ಮಂದಿರವನ್ನು ಕೆಡವಿದರು. ಮೂರು ವಾದನಪೀಠಗಳಿದ್ದ ಕಿಂಬಲ್ ಆರ್ಗನ್ ಅಲ್ಲಿಯ ಹೆಮ್ಮೆಯಾಗಿತ್ತು. 1963ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ ಮಂದಿರ ನೆಲಸಮವಾಯಿತು.

ಇಷ್ಟರಲ್ಲಿ ಅಲ್ಲಲ್ಲಿ ಕೆಲವು ಅಭಿಮಾನಿಗಳು ಎಚ್ಚೆತ್ತಿದ್ದರು. ಇಂಗ್ಲೆಂಡಿನಲ್ಲಿ 1952ರಲ್ಲಿ ಸಿನಿಮಾ ಆರ್ಗನ್ ಸೊಸೈಟಿಯೂ ಅಮೆರಿಕಾದಲ್ಲಿ 1955ರಲ್ಲಿ ಥಿಯೇಟರ್ ಆರ್ಗನ್ ಪ್ರಿಯರ ಸಂಘವೂ ಸ್ಥಾಪನೆಗೊಂಡವು. ಇವರಲ್ಲಿ ಹೆಚ್ಚಿನವರು ಸಿರಿವಂತರಲ್ಲ. ಸಂಜೆಯ ಹೊತ್ತು ಮಂದಿರಗಳ ಧೂಳಿನ ಕೋಣೆಗಳಿಗೆ ಏಣಿ ಹಾಕಿ ಹತ್ತಿದವರು. ಮಂದಿರ ಉಳಿಯದ ಕಡೆ ವಾದ್ಯವನ್ನು ಬಿಚ್ಚಿ ಸಾಗಿಸಿದರು. ಇಂಗ್ಲೆಂಡಿಗೆ ಮೊತ್ತಮೊದಲು ಬಂದ ವುರ್ಲಿಟ್ಸರ್, 1925ರಲ್ಲಿ ವಾಲ್ಸಾಲ್ ಊರಿನ ಚಿತ್ರಮಂದಿರದಲ್ಲಿ ನುಡಿದದ್ದು, ಡೆವನ್ ಪ್ರಾಂತ್ಯದ ಬಿಯರ್ ಎಂಬ ಕಡಲತೀರದ ಹಳ್ಳಿಯ ಚರ್ಚಿಗೆ ಹೋಗಿ ಸೇರಿತು. ಹೀಗೆ ಎಷ್ಟೋ ಆರ್ಗನ್ನುಗಳಿಗೆ ದೇವಾಲಯವೇ ಆಶ್ರಯ ಕೊಟ್ಟಿತು. ಡೋಲು, ಸೀಟಿಗಳನ್ನು ಹೊರಗಿಟ್ಟೇ ಒಳಗೆ ಕರೆದುಕೊಂಡದ್ದು ಹೆಚ್ಚು. ಪ್ಯಾರಮೌಂಟ್ ಮಂದಿರ 1964ರಲ್ಲಿ ಮುಚ್ಚಿತು. ಅದರ ಆರ್ಗನ್ ಕ್ಯಾನ್ಸಸ್ ರಾಜ್ಯದ ವಿಚಿಟಾ ನಗರದ ಸಭಾಭವನದಲ್ಲಿ 1972ರಲ್ಲಿ ಮತ್ತೆ ನುಡಿಯಿತು. ಸ್ಯಾನ್ ಫ್ರಾನ್ಸಿಸ್ಕೋದ ಫಾಕ್ಸ್ ಆರ್ಗನ್ 1999ರಲ್ಲಿ ಹಾಲಿವುಡ್ಡಿನ ಎಲ್ ಕ್ಯಾಪಿಟನ್ ಮಂದಿರವನ್ನು ಸೇರಿತು. ಇವು ಸಂತೋಷದ ಸಂಗತಿಗಳೇ. ಆದರೆ ಚಿತ್ರಮಂದಿರದ ಆರ್ಗನ್ನಿಗೆ ಕಟ್ಟಡವೂ ಒಂದು ಅಂಗ. ಇದ್ದ ಸ್ಥಳದಲ್ಲಿಯೇ ಉಳಿದುದರ ಬೆಲೆ ಬೇರೆಯದೇ ಎಂದು ನಮ್ಮ ಅಭಿಪ್ರಾಯ.

ಅಂತಹ ಉಳಿವಿಗೆ ಜಾರ್ಜಿಯಾ ರಾಜ್ಯದ ಅಟ್ಲಾಂಟಾ ನಗರದ ಫಾಕ್ಸ್ ಮಂದಿರ ಶ್ರೇಷ್ಠ ನಿದರ್ಶನ. 1929ರ ಕ್ರಿಸ್ಮಸ್ ದಿನದಂದು ತೆರೆದ ಈ ಮಂದಿರಕ್ಕೆ ಮೊಲ್ಲರ್ ಕಂಪನಿಯು ನಾಲ್ಕು ಕೀಲಿಮಣೆ, 42 ಸಾಲು, 3,622 ಕೊಳವೆಗಳ ಆರ್ಗನ್ನನ್ನು ಕಟ್ಟಿಕೊಟ್ಟಿತ್ತು. ಜನರು ಅದನ್ನು ಪ್ರೀತಿಯಿಂದ 'ಮೈಟಿ ಮೋ' ಎಂದು ಕರೆದರು. ಐವತ್ತರ ದಶಕದಲ್ಲಿ ಅದು ಮೂಕವಾಯಿತು. ಆಗ ಮುಂದೆ ಬಂದವನು ಜೋ ಪ್ಯಾಟನ್. ಈತನ ದುಡಿಮೆಯಿಂದ 1963ರಲ್ಲಿ ಆರ್ಗನ್ ಮರಳಿ ಉಸಿರಾಡಿತು. ಬಾಬ್ ವ್ಯಾನ್ ಕ್ಯಾಂಪ್ ಅದನ್ನು ನುಡಿಸಿದನು. ಮಂದಿರಕ್ಕೆ ಬಂದವರು ಆ ನಾದವನ್ನು ಕೇಳಿ ಹೋದದ್ದು ವ್ಯರ್ಥವಾಗಲಿಲ್ಲ. ಹತ್ತು ವರ್ಷಗಳ ಬಳಿಕ ಟೆಲಿಫೋನ್ ಕಂಪನಿಯೊಂದು ತನ್ನ ಮುಖ್ಯ ಕಚೇರಿಗಾಗಿ ಆ ನಿವೇಶನವನ್ನು ಬಯಸಿ ಮಂದಿರವನ್ನು ಕೆಡವುವ ಮಾತು ಬಂದಾಗ ಊರಿಗೆ ಊರೇ ಎದ್ದು ನಿಂತಿತು. ಹೋರಾಟದ ಮುಂಚೂಣಿಯಲ್ಲಿ ಪ್ಯಾಟನ್ ಇದ್ದನು. 1974ರಲ್ಲಿ ಸ್ಥಾಪಿತವಾದ ಅಟ್ಲಾಂಟಾ ಲ್ಯಾಂಡ್‌ಮಾರ್ಕ್ಸ್ ಎಂಬ ಸಂಸ್ಥೆಯು ಸಾಲ ಮಾಡಿ ಮಂದಿರವನ್ನು ಕೊಂಡುಕೊಂಡಿತು. ಜನರ ದೇಣಿಗೆಯಿಂದ ಆ ಸಾಲವನ್ನು 1978ರಲ್ಲಿ ತೀರಿಸಿತು. (ದೇವಾಲಯ ಕಟ್ಟಲು ಮನೆಮನೆಗೆ ಹೋಗಿ ದೇಣಿಗೆ ಕೂಡಿಸಿದವರಿಗೆ ಈ ವಾಕ್ಯದ ಹಿಂದಿರುವ ಶ್ರಮ ಹೇಳದೆಯೇ ತಿಳಿಯುತ್ತದೆ.) ಪ್ಯಾಟನ್ ಆ ಕಟ್ಟಡದೊಳಗಿನ ಬಿಡಾರದಲ್ಲಿಯೇ ವಾಸಮಾಡುತ್ತ, 2016ರಲ್ಲಿ ತೀರಿಕೊಂಡನು. ಓಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿಯೂ 1969ರಲ್ಲಿ ನಾಗರಿಕರು ಒಗ್ಗೂಡಿ ಓಹಾಯೋ ಮಂದಿರವನ್ನೂ ಅದರ ಮಾರ್ಟನ್ ಆರ್ಗನ್ನನ್ನೂ ಕೆಡವುವವರ ಕೈಯಿಂದ ಬಿಡಿಸಿಕೊಂಡರು.

ಉಳಿಸಿಕೊಂಡ ಮಾತ್ರಕ್ಕೆ ಕೆಲಸ ಮುಗಿಯದು. ಒಂದೊಂದು ತಿದಿಯನ್ನೂ ಬಿಚ್ಚಿ, ಹಳೆಯ ಅಂಟನ್ನು ಕೆರೆದು, ಹದಮಾಡಿದ ಹೊಸ ಚರ್ಮವನ್ನು ಅಳತೆಗೆ ಕತ್ತರಿಸಿ ಹಚ್ಚಬೇಕು, ಇಂಥವು ಸಾವಿರಾರು. ಕೆಲವು ದಶಕಗಳ ನಂತರ ಅದನ್ನೇ ಮತ್ತೆ ಮೊದಲಿನಿಂದ ಮಾಡಬೇಕು. ಸೆಕೆ ಏರಿದರೆ ಕೊಳವೆಗಳ ಶ್ರುತಿ ಏರುತ್ತದೆ. ನಾಲಗೆಯುಳ್ಳ ಕೊಳವೆಗಳಾದರೋ ಅಷ್ಟಾಗಿ ಏರದೆ ಹಿಂದೆ ಉಳಿಯುತ್ತವೆ. ಆದ್ದರಿಂದ ಒಬ್ಬನು ಪೀಠದಲ್ಲಿ ಮನೆ ಒತ್ತುತ್ತ, ಇನ್ನೊಬ್ಬನು ಕೋಣೆಯೊಳಗೆ ಕಿವಿಗೊಟ್ಟು ಸರಿಪಡಿಸುತ್ತ, ಹೊತ್ತು ಕಳೆಯಬೇಕು. ಅಭಿಮಾನಿಗಳಲ್ಲಿ ಜಗಳವೂ ಉಂಟು. ಹಳೆಯ ವಿದ್ಯುತ್ ಸಂಪರ್ಕಗಳ ಬೃಹತ್ ಕಪಾಟನ್ನು ತೆಗೆದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಇಡಬಹುದೇ? ಮೂಲದಲ್ಲಿ ಇಲ್ಲದ ಕೊಳವೆಯ ಸಾಲುಗಳನ್ನು ಸೇರಿಸಬಹುದೇ? ಕಪಾಟಿನ ಬದಲಾವಣೆಯನ್ನು ನಾವು ಒಪ್ಪುತ್ತೇವೆ; ನುಡಿಸುವವನ ಬೆರಳಿಗೆ ಅದರಿಂದ ನಷ್ಟವಿಲ್ಲ, ದುರಸ್ತಿಗೆ ಸೌಲಭ್ಯ ಉಂಟು. ಮನಬಂದಂತೆ ಸಾಲುಗಳನ್ನು ಸೇರಿಸುವುದನ್ನು ಒಪ್ಪಲಾರೆವು. ಕಟ್ಟಿದವರು ಯಾವ ನಾದವನ್ನು ಆ ಮಂದಿರಕ್ಕೆಂದು ತೂಗಿ ಇಟ್ಟರೋ ಅದು ಅಲ್ಲಿಗೆ ಕಾಣೆಯಾಗುತ್ತದೆ.

ಇನ್ನು ನುಡಿಸುವ ವಿದ್ಯೆ. ಎರಡು ಕೈಗೆ ಎರಡು ಮೂರು ಕೀಲಿಮಣೆ, ಎಡಗಾಲಿಗೆ ಮಂದ್ರದ ಪಾದಮಣೆ, ಬಲಗಾಲಿಗೆ ನಾದವನ್ನು ಏರಿಳಿಸುವ ತುಳಿಗೆ, ಕಣ್ಣು ತೆರೆಯ ಮೇಲೆ. ಮನೆಯನ್ನು ಹಗುರವಾಗಿ ಒತ್ತಿದರೆ ಒಂದು ಧ್ವನಿ, ಇನ್ನೂ ಅದುಮಿದರೆ ಅದರೊಡನೆ ಮತ್ತೊಂದು. ಈ ಎರಡನೆಯ ಸ್ಪರ್ಶವನ್ನು ಸಾಧಿಸಲು ವರ್ಷಗಳೇ ಬೇಕು. ಮೂಕಚಿತ್ರದ ಕಾಲದ ವಾದಕರಿಗೆ ಪ್ರತಿ ದೃಶ್ಯಕ್ಕೂ ಸೂಚನೆಯ ಹಾಳೆಗಳು ಬರುತ್ತಿದ್ದರೂ ಬಹುಭಾಗವನ್ನು ಅವರು ಸ್ಥಳದಲ್ಲಿಯೇ ಕಲ್ಪಿಸಿ ನುಡಿಸುತ್ತಿದ್ದರು. ಆ ಪೀಳಿಗೆಯ ಗೇಲಾರ್ಡ್ ಕಾರ್ಟರ್ ಇಳಿವಯಸ್ಸಿನಲ್ಲಿ ಮತ್ತೆ ಮೂಕಚಿತ್ರಗಳಿಗೆ ನುಡಿಸಿ, ಹೊಸಬರಿಗೆ ಆ ಬಗೆಯನ್ನು ತೋರಿಸಿಕೊಟ್ಟು, 2000ದಲ್ಲಿ ತೀರಿಕೊಂಡನು. ಜಾರ್ಜ್ ರೈಟ್ ಐವತ್ತರ ದಶಕದಲ್ಲಿ ಹೊರತಂದ ಧ್ವನಿಮುದ್ರಿಕೆಗಳು ಖಾಲಿ ಮಂದಿರಗಳ ಕಡೆಗೆ ಒಂದು ತಲೆಮಾರಿನ ಕಿವಿಯನ್ನು ಸೆಳೆದವು. ಅವರನ್ನು ಕೇಳಿ ಬೆಳೆದವರು ಇಂದು ಹಳೆಯ ಪೀಠಗಳ ಮೇಲೆ ಕುಳಿತಿದ್ದಾರೆ. ಬ್ಲ್ಯಾಕ್‌ಪೂಲಿನಲ್ಲಿ ಆರ್ಗನ್ನಿನ ಲಯಕ್ಕೆ ಜನರು ಈಗಲೂ ನರ್ತಿಸುತ್ತಾರೆ; ಅಟ್ಲಾಂಟಾದ ಮಂದಿರದಲ್ಲಿ 'ಮೈಟಿ ಮೋ'ವಿನ ಪೀಠವು 1929ರಲ್ಲಿ ಏರಿದಂತೆಯೇ ಏರಿ ಬರುತ್ತದೆ.